ಹರಕೆ ಮುಗಿಯಲೆಂದು ಕಾದೆ

ಶರಣಮ್ಮನ ಎಡಗಾಲು ಹೋದದ್ದು ನನ್ನಿಂದ. ಹೇಳಬೇಕಾದ ಮಾತನ್ನು ನಾನು ನುಂಗಿಕೊಂಡದ್ದರಿಂದ.

ಅವಳು ನನ್ನ ತಂಗಿ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನ ಎದೆಯ ಆಪರೇಷನ್ ಸುಸೂತ್ರವಾದರೆ ಒಂದು ವರ್ಷ ಅಮಾವಾಸ್ಯೆಗೊಮ್ಮೆ ಬರಿಗಾಲಲ್ಲಿ ಝರಾಸಂಗಂನ ಗುಡಿಗೆ ನಡೆದು ಬರುತ್ತೇನೆಂದು ಹರಕೆ ಹೊತ್ತಳು. ನಾನು ಬದುಕಿದೆ, ಅವಳು ನಡೆಯತೊಡಗಿದಳು.

ಅವಳಿಗೆ ಸಕ್ಕರೆ ಕಾಯಿಲೆ. ಜಹೀರಾಬಾದಿನ ಡಾಕ್ಟರು ಒಮ್ಮೆ ಅವಳ ಅಂಗಾಲು ಮುಟ್ಟಿ ನೋಡಿದರು. ನಮ್ಮ ಕಡೆ ಹೆಂಗಸಿನ ಕಾಯಿಲೆಯನ್ನು ಮನೆಯ ಗಂಡಸಿಗೇ ಹೇಳುತ್ತಾರೆ. ಅವಳು ಗುಳಿಗೆ ತರಲು ಹೊರಗೆ ಹೋದಾಗ ನನಗೆ ಹೇಳಿದರು — ಕಾಲಿನ ಸ್ಪರ್ಶ ಹೋಗುತ್ತಿದೆ, ಬರಿಗಾಲಲ್ಲಿ ನಡೆಯಗೊಡಬೇಡಿ, ದಿನಾ ಅಂಗಾಲು ನೋಡಿ. ಗಾಯ, ಬಾವು, ಬಿಸಿ, ಬಣ್ಣ ಬದಲಾದದ್ದು ಕಂಡರೆ, ನೋವಿಲ್ಲದಿದ್ದರೂ ಅಂದೇ ಕರೆತನ್ನಿ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಹರಕೆ ಅರ್ಧಕ್ಕೆ ನಿಂತರೆ — ಅದು ಯಾರ ಮೇಲೆ ಬೀಳುತ್ತದೆ? ಎದೆ ಹೊಲಿಸಿಕೊಂಡವನು ನಾನು. ಹೆದರಿದೆ. ಮುಗಿದ ಮೇಲೆ ಹೇಳೋಣವೆಂದುಕೊಂಡೆ.

ಬೇಸಿಗೆಯ ಅಮಾವಾಸ್ಯೆ. ನಾನು ಆಟೋದಲ್ಲಿ ಹೋಗಿ ಗುಡಿಯ ಮುಂದೆ ಕಾದಿದ್ದೆ. ಡಾಂಬರು ಮೆತ್ತಗಾಗಿತ್ತು. ಅವಳು ನಗುತ್ತ ಬಂದಳು.

"ಅಣ್ಣಾ, ಕಾಲ ಸುಡಲೇ ಇಲ್ಲ ನೋಡು. ಹತ್ತಿ ಮ್ಯಾಗ ನಡದಂಗ ಆತು. ನೀ ಚಪ್ಪಲಿ ಹಾಕ್ಕೊಂಡೂ ಕುಣೀಲತ್ತಿ."

ಯಾಕೆ ಸುಡಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅಂದೆ — "ದೇವ್ರು ನಿನ್ನ ಕಾಲಾಗ ಕುಂತಾನ, ತಂಗಿ."

ಆ ಮಾತನ್ನು ಅವಳು ನಂಬಿದಳು. ಕೆಲವು ದಿನಗಳ ನಂತರ ಅವಳು ನಡೆದಲ್ಲೆಲ್ಲ ನೆಲದ ಮೇಲೆ ಹಸಿ ಕಲೆ ಕಂಡಿತು. ಅಂಗಾಲಿನ ಬೊಬ್ಬೆ ಒಡೆದು, ಸುತ್ತ ಕಪ್ಪಾಗಿತ್ತು. "ನೋವೇ ಇಲ್ಲ, ದವಾಖಾನಿ ಯಾಕ?" ಎಂದಳು. ಒಂದೇ ಅಮಾವಾಸ್ಯೆ ಉಳಿದಿತ್ತು — ನಾನು ಅರಿಶಿನ ಹಚ್ಚೆಂದೆ.

ವಾಸನೆ ಬಂತು, ಚಳಿಜ್ವರ ಬಂತು. ಹೈದರಾಬಾದಿನಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು.

ಈಗ ಬೆಳಿಗ್ಗೆ ಅವಳ ಬಲಗಾಲನ್ನು ನಾನೇ ತೊಳೆದು, ಬೆರಳ ಸಂದುಗಳನ್ನೂ ಬಿಡದೆ ನೋಡುತ್ತೇನೆ. "ಎಂಥಾ ಅಣ್ಣ" ಎಂದು ಓಣಿಯವರಿಗೆ ಹೇಳಿಕೊಳ್ಳುತ್ತಾಳೆ. ನಿಜ ತಿಳಿದರೆ ಆ ಕಾಲನ್ನು ನನ್ನ ಕೈಗೆ ಕೊಡುವಳೇ? ಕೊಡದಿದ್ದರೆ ಅದನ್ನು ದಿನಾ ನೋಡುವವರು ಯಾರು?

ನೋಡುವುದು ಹೇಗೆಂದು ನನ್ನ ಸೊಸೆಗೆ ಕಲಿಸಿದ್ದೇನೆ. ನಾಳೆ ಬೆಳಿಗ್ಗೆ ಶರಣಮ್ಮನಿಗೆ ಎಲ್ಲವನ್ನೂ ಹೇಳುತ್ತೇನೆ, ಕಾಲು ಮುಟ್ಟುವ ಮೊದಲು.