ಎಡ ಭುಜದ ಮೇಲೆ ಎರಡು ಪಟ್ಟಿ

ಅತ್ತೆಯ ಮಂಡಿನೋವಿಗೆಂದು ತಂದ ಕರೆಂಟಿನ ಪೆಟ್ಟಿಗೆ ಅಂಗೈಯಷ್ಟೇ ದೊಡ್ಡದು. ಅದರಿಂದ ಹೊರಡುವ ಎರಡು ವೈರುಗಳ ತುದಿಯಲ್ಲಿ ಅಂಟುವ ಪಟ್ಟಿಗಳಿವೆ. ಅವನ್ನು ಎಲ್ಲಿ ಅಂಟಿಸಬೇಕೆಂದು ಹೊಸೂರಿನ ಫಿಸಿಯೋಥೆರಪಿ ಹುಡುಗಿ ತೋರಿಸಿಕೊಟ್ಟಿದ್ದಳು. ಚರ್ಮ ಒರೆಸಿ ಒಣಗಿಸಬೇಕು. ಮಂಡಿಚಿಪ್ಪಿನ ಮೇಲಲ್ಲ, ಅದರ ಆಚೆ ಈಚೆ. ಪಟ್ಟಿಗಳು ಒಂದಕ್ಕೊಂದು ತಾಗಬಾರದು. ಅಂಟಿಸಿದ ಮೇಲಷ್ಟೇ ಪೆಟ್ಟಿಗೆಯ ಅಂಚಿನ ಪುಟ್ಟ ಗಾಲಿ ತಿರುಗಿಸಿ ಕರೆಂಟು ಬಿಡಬೇಕು, ಅದೂ ಸಣ್ಣಗೆ ಜುಮ್ಮೆನ್ನುವವರೆಗೆ. ಕುತ್ತಿಗೆಯ ಮುಂದೆ, ಎದೆಯ ಮೇಲೆ ಬೇಡ. ಎದೆಯೊಳಗೆ ಮಿಷನ್ ಇಟ್ಟವರಿಗೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ.

"ಹಾರ್ಟ್ ಕಾಯಿಲೆ ಇರೋರ್ಗೆ ಬ್ಯಾಡ ಅಂತವ್ಳೆ, ಅಷ್ಟೇ ತಾನೆ?" ಎಂದು ಅತ್ತೆ ತಲೆಯಾಡಿಸಿದ್ದರು.

ಒಂದು ಭಾನುವಾರ ಸಂಜೆ ಬೇರಿಕೆಯಿಂದ ಅತ್ತೆಯ ಅಣ್ಣ ಬಂದರು. ಅವರ ಎಡ ಕೊರಳೆಲುಬಿನ ಕೆಳಗೆ, ಬೆಂಗಳೂರಿನಲ್ಲಿ ಇಟ್ಟ ಪೇಸ್‌ಮೇಕರ್ ಇದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬಂದಿದ್ದರಿಂದ ಎಡ ಭುಜ ಹಿಡಿದುಕೊಂಡಿತ್ತು. ನಾನು ಕಾಫಿ ಮಾಡಲು ಒಳಗೆ ಹೋದೆ. ನಡುಮನೆಯ ಮಾತು ಅಡುಗೆಮನೆಗೆ ಕೇಳುತ್ತಿತ್ತು.

"ಅಂಗಿ ಬಿಚ್ಚಣ್ಣಯ್ಯ. ಮದ್ವೆ ಗಂಡಿನಂಗೆ ನಾಚ್ಕೊಂತೀಯಲ್ಲ!"

"ನಿನ್ ಕೈಗೆ ಕರೆಂಟ್ ಕೊಟ್ಟೋರ್ ಯಾರಮ್ಮಿ? ಕರೆಂಟಾಫೀಸ್ನೋರಾ?"

ಕರೆಂಟ್ ಎಂಬ ಮಾತಿಗೆ ನಾನು ಒಲೆ ಆರಿಸಿದೆ.

ನಡುಮನೆಗೆ ಬಂದರೆ, ಅತ್ತೆಯ ಅಣ್ಣ ಬರಿಮೈಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಒಂದು ಪಟ್ಟಿ ಭುಜದ ಹಿಂದೆ. ಇನ್ನೊಂದು ಮುಂದೆ, ಚರ್ಮದಡಿ ಉಬ್ಬಿದ್ದ ಪೇಸ್‌ಮೇಕರಿನ ಅಂಚಿನ ಮೇಲೆ. ಪೆಟ್ಟಿಗೆ ಅತ್ತೆಯ ಮಡಿಲಲ್ಲಿತ್ತು, ಅವರ ಹೆಬ್ಬೆರಳು ಗಾಲಿಯ ಮೇಲಿತ್ತು. ಪೆಟ್ಟಿಗೆಯ ಹಸಿರು ದೀಪ ಹತ್ತಿದೆಯೋ ಇಲ್ಲವೋ ನನಗೆ ಕಾಣಲಿಲ್ಲ, ಹೆಬ್ಬೆರಳು ಅಡ್ಡವಿತ್ತು.

ಕೂಗಲು ಬಾಯಿ ತೆರೆದೆ, ಮುಚ್ಚಿದೆ. ನಾನು ಕೂಗಿದರೆ ಅತ್ತೆ ಬೆಚ್ಚುತ್ತಾರೆ, ಬೆಚ್ಚಿದರೆ ಬೆರಳು ಜರುಗುತ್ತದೆ. ಮೆಲ್ಲಗೆ ನಡೆದು ಅವರ ಪಕ್ಕ ಕೂತು, ಪೆಟ್ಟಿಗೆಯಿಂದ ಎರಡೂ ವೈರುಗಳನ್ನು ಕಿತ್ತೆ.

"ಯಾಕಮ್ಮ? ನಾನಿನ್ನೂ ಆನ್ ಮಾಡೇ ಇಲ್ಲ. ರಾಹುಕಾಲ ಮುಗೀಲಿ ಅಂತ ಗಡಿಯಾರ ನೋಡ್ಕೊಂಡ್ ಕೂತಿವ್ನಿ," ಎಂದರು ಅತ್ತೆ.

ರಾಹುಕಾಲ ಮುಗಿಯುವ ಆರು ಗಂಟೆಗೆ ಸ್ವಲ್ಪವೇ ಉಳಿದಿತ್ತು.

"ಹಾರ್ಟಿನೋರ್ಗೆ ಬ್ಯಾಡ ಅಂತ ಆ ಹುಡುಗಿ ಹೇಳಿದ್ಳಲ್ಲ ಅತ್ತೆ."

"ಇವ್ನಿಗ್ಯಾವ ಕಾಯಿಲೆ? ಮಿಷನ್ ಹಾಕಿ ಸರಿ ಮಾಡ್ಬುಟ್ಟವ್ರಲ್ಲ! ಅದೂ ಮಿಷನ್ನು, ಇದೂ ಮಿಷನ್ನು. ಒಂದಕ್ಕೊಂದು ಆಸ್ರೆ ಆಯ್ತದೆ ಅಂದ್ಕೊಂಡೆ."

ಅಣ್ಣ ನಕ್ಕರು. ನಾನು ನಗಲಿಲ್ಲ. ಮುಂದಿನ ಪಟ್ಟಿಯನ್ನು ಅಂಚಿನಿಂದ ನಿಧಾನವಾಗಿ ಬಿಡಿಸಿದೆ. ಬೆರಳಿಗೆ ಆ ಗಟ್ಟಿ ವಸ್ತು ತಾಗಿತು. ಬೆಚ್ಚಗಿತ್ತು, ಮೈಯಷ್ಟೇ ಬೆಚ್ಚಗೆ. ಪಟ್ಟಿ ಇದ್ದ ಕಡೆ ಚರ್ಮದ ಮೇಲೆ ಚೌಕದ ಗುರುತು ಉಳಿಯಿತು. ಅವರು ನನ್ನ ಮುಖ ನೋಡಿದರು. ನಗು ಅಲ್ಲಿಗೆ ನಿಂತಿತು.

"ಗಾಲಿ ತಿರುಗ್ಸಿದ್ರೆ ಏನಾಯ್ತಿತ್ತಮ್ಮಿ?"

"ಗೊತ್ತಿಲ್ಲ ಮಾವ," ಎಂದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಏನೂ ಆಗದೆಯೂ ಇರಬಹುದಿತ್ತು.

ಅವರು ಚೌಕದ ಗುರುತಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು, ಒಳಗೆ ಬಡಿಯುವುದನ್ನು ಕೇಳಿಸಿಕೊಳ್ಳುವವರಂತೆ. ಗೋಡೆಯ ಗಡಿಯಾರದಲ್ಲಿ ಆರಾಯಿತು. ಅತ್ತೆ ಅದನ್ನು ನೋಡಿದರು, ಅಣ್ಣನನ್ನು ನೋಡಿದರು, ಹೆಬ್ಬೆರಳನ್ನು ಸೆರಗಿನೊಳಗೆ ಸುತ್ತಿಕೊಂಡರು.