ಕೇಳಬಾರದ ದಾಸವಾಳ

ಜಯಪುರದಲ್ಲಿ ನಮ್ಮ ಪಕ್ಕದ ಮನೆಯ ಅಮ್ಮನ ಅಂಗಳದಲ್ಲಿ ಹೂವಿನ ಕುಂಡಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಅವರು ನೆಂಟರ ಮನೆಯಿಂದ ಮರಳುವಾಗಲೆಲ್ಲ ಸೆರಗಿನ ಮರೆಯಿಂದ ಯಾವುದೋ ಗಿಡದ ಕಡ್ಡಿ ಇಣುಕುತ್ತಿತ್ತು. “ಕೇಳಿ ತಂದ ಗಿಡ ಬದುಕಲ್ಲ ಮಾರಾಯ್ತಿ, ಕದ್ದೇ ತರ್ಬೇಕು” ಎನ್ನುತ್ತಿದ್ದರು.

ಒಮ್ಮೆ ಅವರ ಮುದ್ದೆ ದಾಸವಾಳದ ಮೇಲೆ ಆಸೆಯಾಗಿ, ಒಂದು ಕಡ್ಡಿ ಕೊಡಿ ಎಂದು ಬಾಯಿಬಿಟ್ಟು ಕೇಳಿಬಿಟ್ಟೆ. ಅವರ ಮುಖ ಗಂಟಾಯಿತು.

“ಕೊಡಲ್ಲ.”

ನಾನು ಪೆಚ್ಚಾಗಿ ಎದ್ದೆ.

“ಕೂತ್ಕೋ. ಕಾಫಿ ಮಾಡ್ತೀನಿ, ಸುಮಾರು ಹೊತ್ತಾಗತ್ತೆ” ಎಂದವರೇ ದಾಸವಾಳದ ಕುಂಡದ ಅಂಚಿನ ಮೇಲೆ ಕತ್ತರಿಯಿಟ್ಟು ಒಳಗೆ ಹೋದರು.

ನಾನು ಅಳುಕುತ್ತ ಒಂದು ಕಡ್ಡಿಗೆ ಕತ್ತರಿ ಹಿಡಿದೆ. ಅಡುಗೆಮನೆಯ ಕಿಟಕಿಯಿಂದ ಗದರಿಕೆ ಬಂತು:

“ಅದು ಎಳೇದು! ಪಕ್ಕದ್ದು ಬಲ್ತಿದೆ, ಅದನ್ನ ಕದಿ!”