ಎರಡು ಒಣಗಾಯಿ ಮತ್ತು ಒಂದು ಹಕ್ಕಿ

ಮೊನ್ನೆ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿ, ಅದು ಸರಿಯಾಗಿ ಇಳಿಯಿತೋ ಇಲ್ಲವೋ ಎಂದು ಯೋಚಿಸುತ್ತ ಕೂತಿದ್ದಾಗ ಮೊಬೈಲಿಗೆ ಒಂದು ವಿಡಿಯೊ ಬಂತು. ಹಮ್ಮಿಂಗ್ ಬರ್ಡ್. ನಮ್ಮ ದೇಶದ ಹಕ್ಕಿಯಲ್ಲ. ನಮ್ಮ ದಾಸವಾಳಕ್ಕೆ ಬರುವ ಸೂರಕ್ಕಿಯ ದೂರದ ನೆಂಟನಂತೆ ಕಾಣುತ್ತದೆ, ಅಷ್ಟೇ. ಸೂರಕ್ಕಿ ಸಾಮಾನ್ಯವಾಗಿ ಕೊಂಬೆಗೆ ಕಾಲೂರಿ ಮಕರಂದ ಹೀರಿದರೆ, ಇದು ಹೂವಿನ ಮುಂದೆ ಗಾಳಿಯಲ್ಲೇ ನಿಂತು ಹೀರುತ್ತದೆ. ನಿಧಾನಗತಿಯಲ್ಲಿ ನೋಡಿದೆ. ರೆಕ್ಕೆ ಮೇಲೆ ಕೆಳಗೆ ಬಡಿಯುತ್ತಿಲ್ಲ. ಮುಂದಕ್ಕೆ ಹೋಗಿ, ಬುಡದಲ್ಲೇ ಹೊರಳಿ, ಅಂಗಾತವಾಗಿ ಹಿಂದಕ್ಕೆ ಬರುತ್ತಿದೆ. ಹೋಗುವಾಗಲೂ ಮೈ ಎತ್ತುತ್ತದೆ, ಬರುವಾಗಲೂ ಎತ್ತುತ್ತದೆ.

ಇದನ್ನೆಲ್ಲೋ ನೋಡಿದ್ದೇನಲ್ಲ! ಹೌದು, ಶೆಟ್ಟಿಕೆರೆಯ ಸೋದರಮಾವನ ತೋಟದ ಬಾವಿಯಲ್ಲಿ.

ನಮ್ಮ ಕಡೆ ಈಜು ಕಲಿಯುವುದು ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿ ಕಟ್ಟಿ, ಅದರ ಮೇಲೆ ಎದೆಯಿಟ್ಟು ತೇಲುತ್ತ. ನಾನೋ, ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದೆ. ಒಳಗೆ ತೊಟ್ಟು ನೀರಿದ್ದರೂ ಭಾರ. ಭಾರವಾದರೆ ನಾನು ತಳಕ್ಕೆ. ಆರಿಸಿಕೊಂಡು ಬರುವಷ್ಟರಲ್ಲಿ ಉಳಿದ ಹುಡುಗರು ಈಜಿ ತಲೆ ಒರೆಸಿಕೊಂಡು ರಾಗಿರೊಟ್ಟಿ ತಿನ್ನುತ್ತಿದ್ದರು.

"ಕೊಬ್ರಿ ಯಾಪಾರಕ್ಕೆ ಬಂದಿದ್ದೀಯೇನ್ಲಾ?" ಎನ್ನುತ್ತಿದ್ದ ಮಾವ, ಬಾವಿಯ ನಡುವೆ, ಕಾಲಿಗೆ ನೆಲ ಸಿಗದ ನೀರಲ್ಲಿ ಬರೀ ಕೈಯಾಡಿಸುತ್ತ ಕತ್ತು ಮಟ್ಟ ನಿಂತು. "ನೀರ್ನ ಹೊಡೀಬ್ಯಾಡ ಕಣ್ಲಾ, ಸವರು. ಹೋಗ್ತಾನೂ ಸವರು, ಅಂಗೈ ತಿರುವ್ಕಂಡು ಬತ್ತಾನೂ ಸವರು. ಬುಡು ಕಾಯ್ನ!"

ಬಿಡಲಿಲ್ಲ. ಬೆಳೆದ ಮೇಲೆ ಕಾಯಿಗಳು ಬದಲಾದವು: ಬಿಸಿಲಲ್ಲೂ ಕೊಡೆ, ಬಾಗಿಲಿಗೆ ಎರಡನೇ ಬೀಗ.

ಮಾವನಿಗೀಗ ಎಂಬತ್ತರ ಹತ್ತಿರ. ಆತ ನೋಡುತ್ತಿರುವಾಗಲೇ ಒಮ್ಮೆ ಕಾಯಿ ಬಿಡಬೇಕು ಎನ್ನಿಸಿತು. ಭಾನುವಾರ ಹೋದೆ. ಬಾವಿಕಟ್ಟೆಯ ಮೇಲೆ ಕೂತು ವಿಡಿಯೊ ನೋಡಿದವನೇ, "ಲೇ, ಈ ಹಕ್ಕಿ ನನ್ ಕೈ ಕದ್ದೈತಲ್ಲೋ!" ಎಂದ.

ಜೊತೆಗೆ ಬಂದಿದ್ದ ಹೆಂಡತಿ, "ಈ ವಯಸ್ನಾಗೆ ಬೇಕಿತ್ತೇನ್ರೀ? ಮಾತ್ರೆನಾದ್ರೂ ತಗಂಡ್ರಾ?" ಎಂದಳು.

"ಕಾಯಿ ಹಿಡ್ಕಂಡೇ ಇಳಿಯಪ್ಪ," ಎಂದ ಮಾವ. "ನೀನ್ ಮುಳುಗಿದ್ರೆ ನಂಗೀಗ ಹಾರಕ್ಕಾಗಲ್ಲ."

ಇಳಿದೆ. ಕಾಯಿ ಕುಲುಕಲಿಲ್ಲ. ನಡುವಿಗೆ ಬಂದು ಕಣ್ಣುಮುಚ್ಚಿ ಜೋಡಿಯನ್ನು ತಳ್ಳಿಬಿಟ್ಟೆ. ಒಂದು ಗುಟುಕು ನೀರು ಒಳಗೆ ಹೋಯಿತು. ಆಮೇಲೆ ಅಂಗೈ ಹೊರಳಿತು. ಹೋಗುತ್ತ ಸವರಿತು, ಬರುತ್ತ ಸವರಿತು. ಗಲ್ಲ ನೀರಿನ ಮೇಲೆ ನಿಂತಿತು. ಇಷ್ಟೆಲ್ಲ ದುಡಿದೂ ಒಂದಿಂಚು ಮುಂದೆ ಹೋಗಿರಲಿಲ್ಲ. ಹೋಗಬೇಕೆಂದೂ ಅನ್ನಿಸಲಿಲ್ಲ.

ಮಾವ ಕಟ್ಟೆಯಿಂದ ಬಗ್ಗಿ ನನ್ನ ಕೈಗಳನ್ನೇ ನೋಡಿದ. ಆಮೇಲೆ, "ಸಾಕು ಮ್ಯಾಕ್ ಬಾರ್ಲಾ, ರೊಟ್ಟಿ ಆರೋಯ್ತದೆ," ಎಂದ.

"ನೀವು ತಿಂತಿರಿ ಮಾವ," ಎಂದೆ. "ಇನ್ನೊಂಚೂರು ನಿಂತ್ಕಂಡು ಬತ್ತೀನಿ."